ಬಳ್ಳಿ ಬಿಡುವ ಮೊದಲು: ಕರಬೂಜ ಬೆಳೆಗಾರರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕರಬೂಜದ್ದೇ ಜಾಸ್ತಿ. ಹೆಚ್ಚಿನವರು ಕೇಳಿರುವುದು, ಕೊಯ್ದ ಹಣ್ಣನ್ನು ಜಾಸ್ತಿ ದಿನ ಇಡುವುದು ಹೇಗೆ ಅಂತ. ನಾನು ಇಪ್ಪತ್ತೆರಡು ವರ್ಷ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣು ಪರೀಕ್ಷೆ ಮಾಡುತ್ತಿದ್ದವಳು. ದಿನವೂ ಹಣ್ಣು ಕತ್ತರಿಸಿ, ರಸ ಹಿಂಡಿ, ತಿರುಳಿಗೆ ಬೆರಳು ಒತ್ತಿ ನೋಡುವುದೇ ಕೆಲಸ. ಒಂದೇ ದಿನ ಬಂದ, ಒಂದೇ ತಳಿಯ ಎರಡು ರಾಶಿಗಳನ್ನು ಒಂದೇ ಕೋಣೆಯಲ್ಲಿ ಇಡುತ್ತಿದ್ದೆವು. ಒಂದು ರಾಶಿ ಹದಿನೈದು ದಿನ ಗಟ್ಟಿಯಾಗಿ ಕೂತಿರುತ್ತಿತ್ತು. ಇನ್ನೊಂದು ಆರನೇ ದಿನಕ್ಕೆ ನೀರು ಬಿಡುತ್ತಿತ್ತು. ಕೋಣೆ ಒಂದೇ, ತಣ್ಣಗಿನ ಗಾಳಿ ಒಂದೇ. ವ್ಯತ್ಯಾಸ ಇದ್ದದ್ದು ಹೊಲದಲ್ಲಿ. ಅದನ್ನು ಹುಡುಕಿಕೊಂಡೇ ಕೊನೆಗೆ ನಾನೂ ಬಳ್ಳಿ ಬೆಳೆಸಲು ಶುರು ಮಾಡಿದೆ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಕೊಯ್ಲಿನ ಮುಂಚಿನ ಕೆಲಸದ ಬಗ್ಗೆಯೇ ಇವೆ.

ಪ್ರಶ್ನೆ: ಮೇಡಂ, ಹತ್ತು ದಿನವಾದರೂ ಇರುತ್ತದೆ ಅಂದುಕೊಂಡಿದ್ದ ಕರಬೂಜ ಐದೇ ದಿನಕ್ಕೆ ಮೆತ್ತಗಾಯಿತು. ಕೊಯ್ಲಿಗೆ ಒಂದು ವಾರ ಇರುವಾಗ ಎರಡು ಸಲ ಕ್ಯಾಲ್ಸಿಯಂ ಹೊಡೆದಿದ್ದೆ. ಕ್ಯಾಲ್ಸಿಯಂ ಹೊಡೆದರೆ ಹಣ್ಣು ಗಟ್ಟಿಯಾಗುತ್ತದೆ ಅನ್ನುತ್ತಾರಲ್ಲ, ನನ್ನದು ಯಾಕೆ ಆಗಲಿಲ್ಲ? ನನ್ನದು ಜಾಲರಿ ಸಿಪ್ಪೆಯ ತಳಿ.

ಉತ್ತರ: ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಕ್ಯಾಲ್ಸಿಯಂ ಹಣ್ಣಿನ ಒಳಗೆ ಹೋಗಬೇಕಲ್ವಾ? ಅಲ್ಲೇ ಕಷ್ಟ ಇರುವುದು.

ಹಣ್ಣಿನ ತಿರುಳು ಅಂದರೆ ಲಕ್ಷಾಂತರ ಪುಟ್ಟ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದು. ಆ ಅಂಟಿನ ಹೆಸರು ಪೆಕ್ಟಿನ್. ಪೆಕ್ಟಿನ್ ಎಳೆಗಳನ್ನು ಒಟ್ಟಿಗೆ ಹಿಡಿದಿಡುವುದು ಕ್ಯಾಲ್ಸಿಯಂ. ಹಣ್ಣಾಗುವಾಗ ಕಿಣ್ವಗಳು ಬಂದು ಈ ಅಂಟನ್ನು ಬಿಡಿಸುತ್ತವೆ, ಹಣ್ಣು ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಚೆನ್ನಾಗಿ ಇದ್ದರೆ ಈ ಬಿಡಿಸುವ ಕೆಲಸ ನಿಧಾನ.

ಆದರೆ ಕ್ಯಾಲ್ಸಿಯಂ ಗಿಡದೊಳಗೆ ಓಡಾಡುವುದು ನೀರಿನ ಜೊತೆಗೆ ಮಾತ್ರ. ಬೇರು ನೀರು ಎಳೆದಾಗ ಅದೂ ಬರುತ್ತದೆ, ನೀರು ಎಲ್ಲಿ ಆವಿಯಾಗಿ ಹೋಗುತ್ತದೋ ಅಲ್ಲಿಗೇ ಹೋಗಿ ಕೂರುತ್ತದೆ. ಎಲೆಯಿಂದ ನೀರು ಜಾಸ್ತಿ ಆವಿಯಾಗುತ್ತದೆ, ಹಾಗಾಗಿ ಹೆಚ್ಚಿನ ಕ್ಯಾಲ್ಸಿಯಂ ಎಲೆಯ ಪಾಲು. ಒಂದು ಸಲ ಎಲೆಯಲ್ಲಿ ಕೂತರೆ ಮತ್ತೆ ಎದ್ದು ಕಾಯಿಗೆ ಬರುವುದಿಲ್ಲ. ನೀವು ಎಲೆ ತೋಯುವ ಹಾಗೆ ಹೊಡೆದದ್ದು ಎಲೆಗೇ ಸಿಕ್ಕಿತು.

ಕಾಯಿಯ ಮೇಲೇ ಬಿದ್ದದ್ದು ಏನಾಯಿತು? ಮಿಡಿಕಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ನಿಂಬೆಹಣ್ಣಿನ ಗಾತ್ರದಲ್ಲಿ ಇರುವಾಗ ಮೈತುಂಬ ಮೆತ್ತನೆಯ ರೋಮ ಇರುತ್ತದೆ. ಸಿಪ್ಪೆಯಲ್ಲಿ ಉಸಿರಾಡುವ ಸಣ್ಣ ರಂಧ್ರಗಳು ತೆರೆದಿರುತ್ತವೆ. ಆ ವಯಸ್ಸಿನಲ್ಲಿ ಕಾಯಿ ಬೇರಿನಿಂದಲೂ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಹೊರಗಿನಿಂದಲೂ ಸ್ವಲ್ಪ ಹೀರುತ್ತದೆ. ಆಮೇಲೆ ರೋಮ ಉದುರುತ್ತದೆ, ಮೇಣ ಕೂರುತ್ತದೆ. ನಿಮ್ಮ ತಳಿಯಲ್ಲಾದರೆ ಸಿಪ್ಪೆ ಸಣ್ಣಗೆ ಬಿರಿದು, ಆ ಬಿರುಕು ತುಂಬಲು ಬಿರಡೆಯಂಥ ಜಾಲರಿ ಬೆಳೆಯುತ್ತದೆ. ಕೊಯ್ಲಿಗೆ ಒಂದು ವಾರ ಇದೆ ಅನ್ನುವಾಗ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ.

ಅಮೆರಿಕದ ಟೆಕ್ಸಾಸ್‌ನಲ್ಲಿ ಜೀನ್ ಲೆಸ್ಟರ್ ಮತ್ತು ಮೈಕಲ್ ಗ್ರೂಸಾಕ್ ಎಂಬ ವಿಜ್ಞಾನಿಗಳು ಇದನ್ನೇ ಹೊಲದಲ್ಲಿ ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ನುಣುಪು ಸಿಪ್ಪೆಯ ಹನಿಡ್ಯೂ ಕರಬೂಜಕ್ಕೆ ಬಳ್ಳಿಯಲ್ಲಿ ಇರುವಾಗಲೇ ಕ್ಯಾಲ್ಸಿಯಂ ಹೊಡೆದಾಗ ಕೊಯ್ದ ಮೇಲೆ ಗಟ್ಟಿತನ ಚೆನ್ನಾಗಿ ಉಳಿಯಿತು. ಜಾಲರಿ ಸಿಪ್ಪೆಯ ತಳಿಗೆ ಅದೇ ಕೆಲಸ ಮಾಡಿದರೆ ಆ ಲಾಭ ಸಿಗಲಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟು ಜನ ಎಷ್ಟು ಡಬ್ಬಿ ಖಾಲಿ ಮಾಡುತ್ತಾರೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ನೀವು ಏನು ಮಾಡಬೇಕು? ಕ್ಯಾಲ್ಸಿಯಂ ಅನ್ನು ಬೇರಿಗೆ ಕೊಡಿ, ಬೇಗ ಕೊಡಿ. ಕಾಯಿ ಕಚ್ಚಿದ ಮೊದಲ ಎರಡು ಮೂರು ವಾರ ಮುಖ್ಯ. ಹನಿ ನೀರಾವರಿ ಇದ್ದರೆ ಕ್ಯಾಲ್ಸಿಯಂ ನೈಟ್ರೇಟ್ ಆಗ ಸ್ವಲ್ಪ ಸ್ವಲ್ಪವೇ ಬಿಡಿ. ಫಾಸ್ಫೇಟ್, ಸಲ್ಫೇಟ್ ಗೊಬ್ಬರಗಳನ್ನು ಅದೇ ತೊಟ್ಟಿಯಲ್ಲಿ ಬೆರೆಸಬೇಡಿ. ಬೆರೆಸಿದರೆ ಬಿಳಿ ಗಸಿ ಕಟ್ಟಿ ಡ್ರಿಪ್ ತೂತು ಮುಚ್ಚುತ್ತದೆ, ಗಿಡಕ್ಕೂ ಸಿಗುವುದಿಲ್ಲ. ಆ ದಿನಗಳಲ್ಲಿ ನೀರು ಒಂದು ದಿನ ಜಾಸ್ತಿ, ಮೂರು ದಿನ ಇಲ್ಲ ಅನ್ನುವ ಹಾಗೆ ಆಗಬಾರದು. ಮಣ್ಣಲ್ಲಿ ಕ್ಯಾಲ್ಸಿಯಂ ಎಷ್ಟೇ ಇರಲಿ, ನೀರು ನಿಂತರೆ ಅದರ ಪ್ರಯಾಣವೂ ನಿಂತಂತೆ. ಅಮೋನಿಯಾ ರೂಪದ ಸಾರಜನಕವನ್ನೂ ಆಗ ಕಡಿಮೆ ಮಾಡಿ, ಅದು ಬೇರಿನ ಬಾಯಲ್ಲಿ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ.

ಹನಿಡ್ಯೂ ಬೆಳೆಯುವವರು ಸಿಂಪಡಿಸಬಹುದು. ಕಾಯಿ ಎಳೆಯದಾಗಿರುವಾಗಲೇ ಶುರು ಮಾಡಿ, ನಳಿಕೆಯನ್ನು ಎಲೆಯ ಕೆಳಗೆ ತೂರಿಸಿ ಕಾಯಿಯ ಮೈ ತೋಯಿಸಬೇಕು. ಸಂಜೆ ಹೊತ್ತು ಮಾಡಿ. ಇದನ್ನು ನಾನು ಕಲಿತದ್ದು ಸುಟ್ಟುಕೊಂಡೇ. ಎರಡನೇ ವರ್ಷದ ಬೆಳೆಗೆ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ನಡು ಮಧ್ಯಾಹ್ನ ಹೊಡೆದೆ, ಅಳತೆಯೂ ಜೋರಾಗಿತ್ತು. ಮೂರನೇ ದಿನ ಎಲೆಯ ಅಂಚೆಲ್ಲ ಕಾಗದ ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿ ಸುರುಳಿ ಸುತ್ತಿತ್ತು. ಆ ಸಲದ ಹಣ್ಣು ಗಟ್ಟಿಯಾಗೇ ಇತ್ತು, ಆದರೆ ಸಪ್ಪೆ. ಎಲೆ ಹೋದರೆ ಸಿಹಿ ಹೋಯಿತು ಅನ್ನುವುದು ನನ್ನ ಕೈಯಾರೆ ನಡೆದದ್ದು.

ಇನ್ನೊಂದು ಮಾತು. ನಿಮ್ಮ ಹಣ್ಣನ್ನು ಕತ್ತರಿಸಿದಾಗ ತಿರುಳು ಅಲ್ಲಲ್ಲಿ ಗಾಜಿನ ಹಾಗೆ, ನೀರಲ್ಲಿ ನೆನೆಸಿದ ಹಾಗೆ ಕಾಣುತ್ತಿತ್ತಾ? ಹಾಗಿದ್ದರೆ ಅದೂ ಕ್ಯಾಲ್ಸಿಯಂ ಕೊರತೆಗೆ ತಳಕು ಹಾಕಿಕೊಂಡಿರುವ ತೊಂದರೆ. ಫ್ರಾನ್ಸಿನ ಶರಾಂಟೆ ಕರಬೂಜದಲ್ಲಿ ಇದು ಹಳೆಯ ಕಾಟ. ಅಂಥ ಹಣ್ಣು ಹೊರಗಿನಿಂದ ನೋಡಲು ಚೆನ್ನಾಗೇ ಇರುತ್ತದೆ, ಇಡಲು ಮಾತ್ರ ಬರುವುದಿಲ್ಲ.

ಪ್ರಶ್ನೆ: ಸ್ವಲ್ಪ ಬೇಗ ಕೊಯ್ದು ಇಟ್ಟರೆ ಮನೆಯಲ್ಲೇ ಸಿಹಿ ಏರುವುದಿಲ್ಲವೇ? ಬಾಳೆಕಾಯಿ ಏರುತ್ತದಲ್ಲ?

ಉತ್ತರ: ಇಲ್ಲ, ಏರುವುದಿಲ್ಲ. ಬಾಳೆಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ, ಕೊಯ್ದ ಮೇಲೆ ಅದು ಸಕ್ಕರೆಯಾಗುತ್ತದೆ. ಕರಬೂಜದಲ್ಲಿ ಪಿಷ್ಟದ ದಾಸ್ತಾನು ಇಲ್ಲ. ಅದರ ಸಕ್ಕರೆಯೆಲ್ಲ ಎಲೆಯಿಂದ ಬಳ್ಳಿಯ ಮೂಲಕ ದಿನದಿನವೂ ಬರಬೇಕು, ಅದರಲ್ಲೂ ಕೊನೆಯ ಎರಡು ವಾರದಲ್ಲೇ ಹೆಚ್ಚು. ತೊಟ್ಟು ಬಿಟ್ಟ ಕ್ಷಣಕ್ಕೆ ಆ ದಾರಿ ಮುಚ್ಚುತ್ತದೆ. ಇಟ್ಟ ಮೇಲೆ ಹಣ್ಣು ಮೆತ್ತಗಾಗುತ್ತದೆ, ಘಮ ಬರುತ್ತದೆ. ಅದರಿಂದ ಸಿಹಿ ಏರಿತು ಅಂತ ನಾಲಿಗೆಗೆ ಅನ್ನಿಸಬಹುದು. ರಸದ ಸಿಹಿ ಅಳೆಯುವ ಮೀಟರ್‌ಗೆ ಹಾಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಅಕ್ಕ, ನಮ್ಮ ಹಣ್ಣು ಒಯ್ಯುವ ವ್ಯಾಪಾರಿ ಎಥಿಫಾನ್ ಹೊಡೆಯಿರಿ, ಎಲ್ಲ ಒಟ್ಟಿಗೆ ಹಳದಿಯಾಗುತ್ತದೆ, ಒಂದೇ ಸಲ ಕೊಯ್ಯಬಹುದು ಅನ್ನುತ್ತಾರೆ. ಪಕ್ಕದವರು ಹೊಡೆದರು, ನಾಲ್ಕೇ ದಿನಕ್ಕೆ ಹೊಲವೆಲ್ಲ ಹಳದಿಯಾಯಿತು. ನನಗೂ ಆಸೆಯಾಗುತ್ತಿದೆ, ಹೆದರಿಕೆಯೂ ಆಗುತ್ತಿದೆ. ಮಾಡಲೋ ಬೇಡವೋ?

ಉತ್ತರ: ಬೇಡ. ನಿಮ್ಮ ಹೆದರಿಕೆಯೇ ಸರಿ.

ಕಾರಣ ಹೇಳುತ್ತೇನೆ, ನೀವು ವ್ಯಾಪಾರಿಗೂ ಹೇಳಬಹುದು. ಎಥಿಫಾನ್ ಗಿಡದೊಳಗೆ ಹೋಗಿ ಒಡೆದು ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಕರಬೂಜ ಹಣ್ಣಾಗುವಾಗ ತಾನೇ ಹುಟ್ಟಿಸಿಕೊಳ್ಳುವುದೂ ಇದೇ ಅನಿಲ. ಹಾಗಿದ್ದ ಮೇಲೆ ತಪ್ಪೇನು ಅಂತ ಕೇಳಬಹುದು. ಹಣ್ಣಾಗುವುದು ಅಂದರೆ ಒಂದೇ ಕೆಲಸ ಅಲ್ಲ, ಹಲವು ಕೆಲಸ ಒಟ್ಟಿಗೆ ನಡೆಯುವುದು. ಅದರಲ್ಲಿ ಕೆಲವು ಎಥಿಲೀನ್ ಮಾತು ಕೇಳುತ್ತವೆ, ಕೆಲವು ಕೇಳುವುದಿಲ್ಲ.

ಇದನ್ನು ಬಿಡಿಸಿ ತೋರಿಸಿದವರು ಫ್ರಾನ್ಸಿನ ಟೂಲೂಸ್‌ನ ವಿಜ್ಞಾನಿಗಳು. 1996ರಲ್ಲಿ ಅವರು ಎಥಿಲೀನ್ ಹೆಚ್ಚುಕಡಿಮೆ ಹುಟ್ಟಿಸದಂಥ ಒಂದು ಕರಬೂಜ ಗಿಡ ಮಾಡಿದರು. ಅದರ ಹಣ್ಣಿನ ಸಿಪ್ಪೆ ಹಳದಿಯಾಗಲಿಲ್ಲ, ತೊಟ್ಟು ಕಳಚಲಿಲ್ಲ, ತಿರುಳು ಗಟ್ಟಿಯಾಗಿ ಉಳಿಯಿತು. ಆದರೆ ತಿರುಳಿನ ಕಿತ್ತಳೆ ಬಣ್ಣ ಬಂತು, ಸಿಹಿಯೂ ಬಂತು. ಅಂದರೆ ಹಳದಿ ಸಿಪ್ಪೆ, ಕಳಚುವ ತೊಟ್ಟು, ಘಮ, ಮೆತ್ತಗಾಗುವುದು, ಇವಕ್ಕೆ ಎಥಿಲೀನ್ ಬೇಕು. ಸಿಹಿಗೆ ಬೇಕಾದದ್ದು ಎಲೆ ಮತ್ತು ದಿನಗಳು.

ಈಗ ಪಕ್ಕದವರ ಹೊಲ ನೋಡಿ. ಬಲಿತ ಕಾಯಿ, ಅರೆಬಲಿತ ಕಾಯಿ ಎಲ್ಲವೂ ಒಟ್ಟಿಗೆ ಹಳದಿ. ತೊಟ್ಟು ಕಳಚುತ್ತಿದೆ. ಅರೆಬಲಿತದ್ದಕ್ಕೆ ಇನ್ನೂ ಎಂಟು ಹತ್ತು ದಿನ ಸಕ್ಕರೆ ಬರಬೇಕಿತ್ತು, ಅದರ ದಾರಿ ಮುಚ್ಚಿತು. ಮೆತ್ತಗಾಗುವ ಕೆಲಸ ಮಾತ್ರ ಶುರುವಾಗಿದೆ. ಎಲೆಗಳೂ ಹಳದಿಯಾಗಿ ಮುದಿಯಾಗಿರುತ್ತವೆ, ಹಾಗಾಗಿ ಬಳ್ಳಿಯಲ್ಲೇ ಬಿಟ್ಟು ಕಾಯೋಣ ಅಂದರೂ ಆಗುವುದಿಲ್ಲ. ಪರೀಕ್ಷೆಯ ಮೇಜಿನ ಮೇಲೆ ಇಂಥ ಹಣ್ಣನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ಮೇಲೆ ಹೊಳೆಯುವ ಹಳದಿ, ಕತ್ತರಿಸಿದರೆ ಸಿಪ್ಪೆಯ ಪಕ್ಕ ಅರ್ಧ ಬೆರಳು ದಪ್ಪ ಹಸಿರು ಪಟ್ಟಿ. ಬೀಜ ಇನ್ನೂ ಬಿಳಿ, ಚಪ್ಪಟೆ. ರಸ ಆರೇಳು ಬ್ರಿಕ್ಸ್ (ಬ್ರಿಕ್ಸ್ ಅಂದರೆ ರಸದ ಸಿಹಿಯ ಅಳತೆ). ಅಮೆರಿಕದ ಸರ್ಕಾರಿ ದರ್ಜೆಯಲ್ಲಿ ಒಳಗುಣ ಚೆನ್ನಾಗಿದೆ ಅನ್ನಲು 9, ಬಹಳ ಚೆನ್ನಾಗಿದೆ ಅನ್ನಲು 11 ಬೇಕು.

ಒಟ್ಟಿಗೆ ಕೊಯ್ಯಬೇಕು ಅನ್ನುವ ಆಸೆ ನ್ಯಾಯವಾದದ್ದೇ, ಕೂಲಿಯವರು ಸಿಗುವುದು ಕಷ್ಟ. ಅದಕ್ಕೆ ದಾರಿ ಹೂವಿನ ಹೊತ್ತಿನಲ್ಲಿದೆ. ಜೇನುನೊಣ ಚೆನ್ನಾಗಿ ಓಡಾಡಿದರೆ ಕಾಯಿಗಳು ಹತ್ತಿರ ಹತ್ತಿರದ ದಿನಗಳಲ್ಲೇ ಕಚ್ಚುತ್ತವೆ, ಹಣ್ಣಾಗುವುದೂ ಹತ್ತಿರ ಹತ್ತಿರ. ಹೂ ಬಿಡುವ ವಾರಗಳಲ್ಲಿ ಬೆಳಿಗ್ಗೆ ಯಾವ ಔಷಧಿಯನ್ನೂ ಹೊಡೆಯಬೇಡಿ. ತೀರಾ ಬೇಕಾದರೆ ಸಂಜೆ, ಹೂ ಮುಚ್ಚಿದ ಮೇಲೆ. ತಡವಾಗಿ ಕಚ್ಚಿದ ಮಿಡಿಗಳನ್ನು ಕಿತ್ತುಹಾಕಿ. ಕೀಳುವಾಗ ಮನಸ್ಸಿಗೆ ಕಷ್ಟವಾಗುತ್ತದೆ, ನನಗೂ ಆಗುತ್ತದೆ. ಆದರೂ ಕೀಳಿ. ಒಂದು ಬಳ್ಳಿಯ ಎಲೆಗಳು ಎರಡು ಕಾಯಿಗೆ ಹಂಚುವ ಸಕ್ಕರೆಯನ್ನೇ ಐದಕ್ಕೆ ಹಂಚಿದರೆ ಯಾವುದಕ್ಕೂ ಸಾಕಾಗುವುದಿಲ್ಲ.

ಪ್ರಶ್ನೆ: ಕೊಯ್ಲಿಗೆ ಮುಂಚೆ ನೀರು ಪೂರ್ತಿ ನಿಲ್ಲಿಸಿದರೆ ಹಣ್ಣು ಸಿಹಿಯಾಗುತ್ತದೆ ಎಂದು ಹತ್ತು ದಿನ ನಿಲ್ಲಿಸಿದೆ. ಬಳ್ಳಿ ಬಾಡಿತು. ಹೆದರಿ ಒಂದು ರಾತ್ರಿ ಚೆನ್ನಾಗಿ ನೀರು ಕೊಟ್ಟೆ. ಬೆಳಿಗ್ಗೆ ನೋಡಿದರೆ ಹಣ್ಣುಗಳು ಒಡೆದಿದ್ದವು. ಎಲ್ಲಿ ತಪ್ಪಿದೆ?

ಉತ್ತರ: ಓದಿ ಬಹಳ ಬೇಜಾರಾಯಿತು. ಎರಡು ಕಡೆ ತಪ್ಪಿದೆ, ಎರಡನೆಯದು ದೊಡ್ಡದು.

ಕೊನೆಯಲ್ಲಿ ನೀರು ಕಡಿಮೆ ಮಾಡಬೇಕು ಅನ್ನುವುದು ನಿಜ. ಹಣ್ಣಾಗುವ ವಾರದಲ್ಲಿ ನೀರು ಜಾಸ್ತಿಯಾದರೆ ಸಿಹಿ ತೆಳುವಾಗುತ್ತದೆ, ಸಿಪ್ಪೆ ಬಿಗಿದು ಒಡೆಯುತ್ತದೆ, ಇಟ್ಟಾಗಲೂ ಬೇಗ ಕೊಳೆಯುತ್ತದೆ. ಆದರೆ ಕಡಿಮೆ ಮಾಡುವುದು ಬೇರೆ, ನಿಲ್ಲಿಸುವುದು ಬೇರೆ. ಬಾಡಿದ ಎಲೆ ತನ್ನ ರಂಧ್ರ ಮುಚ್ಚಿಕೊಳ್ಳುತ್ತದೆ, ಸಕ್ಕರೆ ಮಾಡುವುದನ್ನು ಬಿಡುತ್ತದೆ. ಸಕ್ಕರೆ ತುಂಬುವ ದಿನಗಳಲ್ಲೇ ಕಾರ್ಖಾನೆ ಮುಚ್ಚಿದ ಹಾಗಾಯಿತು.

ನಾನು ನೋಡುವುದು ಬೆಳಗಿನ ಎಲೆಯನ್ನು. ಮಧ್ಯಾಹ್ನ ಎರಡು ಗಂಟೆಗೆ ಎಲೆ ಸ್ವಲ್ಪ ಜೋತುಬಿದ್ದರೆ ಚಿಂತೆ ಇಲ್ಲ, ಬಿಸಿಲಿಗೆ ಅದು ಸಹಜ. ಬೆಳಿಗ್ಗೆ ಆರು ಗಂಟೆಗೂ ಜೋತುಬಿದ್ದಿದ್ದರೆ ಆ ದಿನವೇ ನೀರು ಕೊಡಬೇಕು. ಆಮೇಲೆ ಬೇರಿನ ಹತ್ತಿರ ಒಂದು ಗೇಣು ಅಗೆದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಿ, ಹೆಬ್ಬೆರಳು ತಾಗಿಸಿದರೆ ಒಡೆಯಬೇಕು. ಅಷ್ಟು ತೇವ ಸಾಕು. ಉಂಡೆಯೇ ಕಟ್ಟದಿದ್ದರೆ ಒಣಗಿದೆ. ಬೆರಳಿಗೆ ಕೆಸರು ಮೆತ್ತಿದರೆ ಜಾಸ್ತಿಯಾಗಿದೆ.

ಕೊಯ್ಲಿಗೆ ಏಳರಿಂದ ಹತ್ತು ದಿನ ಇದೆ ಅನ್ನುವಾಗಿನಿಂದ ದಿನದ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಮರಳು ಮಣ್ಣಾದರೆ ತಡವಾಗಿ ಶುರು ಮಾಡಿ, ಸ್ವಲ್ಪವೇ ಇಳಿಸಿ, ಅದು ಬೇಗ ಒಣಗುತ್ತದೆ. ಜೇಡಿ ಮಣ್ಣಾದರೆ ಬೇಗ ಶುರು ಮಾಡಬಹುದು.

ಒಣಗಿದ ಬಳ್ಳಿಗೆ ಒಮ್ಮೆಗೇ ನೀರು ಬಿಟ್ಟದ್ದು ಎರಡನೆಯ ತಪ್ಪು. ಸಿಪ್ಪೆ ಬೆಳೆಯುವುದನ್ನು ನಿಲ್ಲಿಸಿ ಗಡುಸಾಗಿತ್ತು. ರಾತ್ರಿ ಎಲೆಯಿಂದ ಆವಿಯಾಗುವುದೂ ಇಲ್ಲ. ಬೇರು ಎಳೆದ ನೀರೆಲ್ಲ ಹಣ್ಣಿಗೆ ನುಗ್ಗಿತು, ಸಿಪ್ಪೆ ತಡೆಯಲಿಲ್ಲ. ಮುಂದೆ ಹಾಗೆ ಬಾಡಿದರೆ ಬೆಳಗಿನ ಹೊತ್ತು, ಮಾಮೂಲಿ ನೀರಿನ ಕಾಲುಭಾಗದಿಂದ ಶುರು ಮಾಡಿ, ಮೂರು ನಾಲ್ಕು ದಿನದಲ್ಲಿ ಸರಿ ಮಾಡಿಕೊಳ್ಳಿ.

ಒಡೆಯುವ ವಿಷಯಕ್ಕೆ ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಕಾಯಿ ದಪ್ಪವಾಗಲಿ ಎಂದು ಫೋರ್‌ಕ್ಲೋರ್‌ಫೆನ್ಯೂರಾನ್ ಅನ್ನುವ ಪ್ರಚೋದಕ ಬಳಸುವವರು ಇದ್ದಾರೆ. 2011ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದ ದಾನ್ಯಾಂಗ್‌ನಲ್ಲಿ ಕಲ್ಲಂಗಡಿ ಹೊಲಗಳಲ್ಲಿ ಹಣ್ಣುಗಳು ತಾವಾಗೇ ಸಿಡಿದವು. ಅದನ್ನು ಹೊಡೆಯಬಾರದ ಹೊತ್ತಲ್ಲಿ, ತಡವಾಗಿ ಹೊಡೆದಿದ್ದರು, ಮೇಲೆ ಮಳೆಯೂ ಸುರಿದಿತ್ತು. ಆದರೆ ಅಲ್ಲಿ ಹೊಡೆಯದವರ ಹಣ್ಣೂ ಸಿಡಿದದ್ದುಂಟು, ತೆಳು ಸಿಪ್ಪೆಯ ತಳಿಯಾಗಿತ್ತು. ಒಂದೇ ಕಾರಣ ಹುಡುಕಬೇಡಿ, ತಳಿ, ನೀರು, ಸಿಂಪಡಣೆ ಮೂರನ್ನೂ ನೋಡಿ.

ಪ್ರಶ್ನೆ: ಸಿಹಿ ಏರಲು ಯಾವ ಟಾನಿಕ್ ಒಳ್ಳೆಯದು?

ಉತ್ತರ: ಟಾನಿಕ್ ಹೆಸರು ಹೇಳಲಾರೆ, ಡಬ್ಬಿಯೊಳಗೆ ಏನಿದೆ ಅನ್ನುವುದೇ ಎಷ್ಟೋ ಸಲ ಬರೆದಿರುವುದಿಲ್ಲ. ಒಳಗಿರುವುದು ಪೊಟ್ಯಾಷ್ ಆದರೆ ಅದಕ್ಕೆ ಒಳ್ಳೆಯ ಆಧಾರವಿದೆ. ಟೆಕ್ಸಾಸ್‌ನ ಅದೇ ಲೆಸ್ಟರ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಯಿ ಬೆಳೆಯುವ ದಿನಗಳಲ್ಲಿ ಪೊಟ್ಯಾಷ್ ಅನ್ನು ಎಲೆಗೆ ಕೊಟ್ಟರು. ಹಣ್ಣಿನ ಸಿಹಿ, ಗಟ್ಟಿತನ, ವಿಟಮಿನ್ ಸಿ, ಬೀಟಾ ಕ್ಯಾರೋಟಿನ್ ಎಲ್ಲವೂ ಏರಿದವು. ಮಣ್ಣಿನಲ್ಲಿ ಪೊಟ್ಯಾಷ್ ಇದ್ದರೂ ಇದು ಕೆಲಸ ಮಾಡುತ್ತದೆ. ಕಾಯಿ ತುಂಬುವ ಹೊತ್ತಿಗೆ ಸಕ್ಕರೆಯೆಲ್ಲ ಕಾಯಿಗೇ ಹೋಗಿ ಬೇರು ಸೊರಗುತ್ತದೆ, ಅದಕ್ಕೆ ಬೇಕಾದಷ್ಟು ಎಳೆಯಲು ಆಗುವುದಿಲ್ಲ.

ಆದರೆ ಯಾವ ಪೊಟ್ಯಾಷ್ ಅನ್ನುವುದು ಮುಖ್ಯ. ಮುಂದಿನ ಪ್ರಯೋಗಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಮಾತ್ರ ಹಿಂದೆ ಬಿತ್ತು. ಅದರಲ್ಲಿ ಸಾರಜನಕವೂ ಇದೆಯಲ್ಲ, ಕೊನೆಗಾಲದಲ್ಲಿ ಅದು ಬಳ್ಳಿಗೆ ಹೊಸ ಕುಡಿ ಬಿಡು ಅನ್ನುತ್ತದೆ. ಕುಡಿಯೂ ಕಾಯಿಯೂ ಒಂದೇ ಸಕ್ಕರೆಗೆ ಜಗಳವಾಡುತ್ತವೆ. ಕಾಯಿ ತುಂಬುವಾಗ ಯೂರಿಯಾ ಸುರಿಯಬಾರದು ಅನ್ನುವುದೂ ಇದೇ ಕಾರಣಕ್ಕೆ. ಯೂರಿಯಾ ಜಾಸ್ತಿಯಾದ ಹಣ್ಣನ್ನು ಒತ್ತಿದರೆ ಹತ್ತಿಯ ಹಾಗೆ ಬೆರಳು ಒಳಗೆ ಹೋಗುತ್ತದೆ. ಪೊಟ್ಯಾಸಿಯಂ ಸಲ್ಫೇಟ್ ಸಾಕು, ಲೇಬಲ್ಲಿನಲ್ಲಿ ಹೇಳಿದ ಅಳತೆಗಿಂತ ಮೇಲೆ ಹೋಗಬೇಡಿ.

ಇದೆಲ್ಲಕ್ಕಿಂತ ದೊಡ್ಡ ಟಾನಿಕ್ ಎಲೆ. ಕೊಯ್ಲಿಗೆ ಹದಿನೈದು ದಿನ ಇರುವಾಗ ಬೂದಿ ರೋಗ ಬಂದರೆ ಹೆಚ್ಚಿನವರು ಇನ್ನೇನು ಮುಗಿಯಿತಲ್ಲ ಎಂದು ಸುಮ್ನೆ ಬಿಡುತ್ತಾರೆ. ಆ ಹದಿನೈದು ದಿನವೇ ಸಿಹಿ ಬರುವ ದಿನಗಳು. ಬುಡದ ಎಲೆಗಳ ಅಡಿಭಾಗವನ್ನು ವಾರಕ್ಕೆ ಎರಡು ಸಲ ತಿರುವಿ ನೋಡಿ. ಬಿಳಿ ಚುಕ್ಕೆ ಹತ್ತೆಂಟು ಇರುವಾಗಲೇ ತಡೆಯಿರಿ. ಗಂಧಕ ಬಳಸುವುದಾದರೆ ಮೊದಲು ಎರಡು ಬಳ್ಳಿಗೆ ಹೊಡೆದು ನೋಡಿ, ಕೆಲವು ಕರಬೂಜ ತಳಿಗಳ ಎಲೆ ಬಿಸಿಲಿಗೆ ಗಂಧಕ ತಡೆಯುವುದಿಲ್ಲ. ಯಾವ ಔಷಧಿಯಾದರೂ ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಲೇಬಲ್ಲಿನಲ್ಲಿ ಇರುತ್ತದೆ. ಅದನ್ನು ಪಾಲಿಸಲೇಬೇಕು, ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ.

ಪ್ರಶ್ನೆ: ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಹಣ್ಣು ತೊಟ್ಟಿನ ಕಡೆಯಿಂದ ಕೊಳೆಯುತ್ತದೆ. ಅಲ್ಲಿನವರು ನಿಮ್ಮ ಹಣ್ಣೇ ಸರಿಯಿಲ್ಲ ಅನ್ನುತ್ತಾರೆ. ಒಳಗೆ ಇಡುವಾಗ ಒಂದು ಕಲೆಯೂ ಇರಲಿಲ್ಲ.

ಉತ್ತರ: ಆ ಮೇಜಿನ ಆಚೆ ಕಡೆ ನಾನೇ ನಿಂತಿದ್ದವಳು, ಹಾಗಾಗಿ ಹೇಳುತ್ತೇನೆ. ಕೋಣೆಯ ತಪ್ಪು ಇರುವುದೂ ಉಂಟು. ಆದರೆ ತೊಟ್ಟಿನ ಕಡೆಯಿಂದ, ನೆಲಕ್ಕೆ ತಾಗಿದ ಕಡೆಯಿಂದ ಶುರುವಾಗುವ ಕೊಳೆ ಹೆಚ್ಚಾಗಿ ಹೊಲದಿಂದಲೇ ಬಂದದ್ದು. ಫ್ಯುಸೇರಿಯಂ, ಆಲ್ಟರ್ನೇರಿಯಾ ಅನ್ನುವ ಶಿಲೀಂಧ್ರಗಳು ಕಾಯಿ ಬಳ್ಳಿಯಲ್ಲಿ ಇರುವಾಗಲೇ ಸಿಪ್ಪೆಯೊಳಗೆ ಸೇರಿಕೊಂಡು ಸುಮ್ಮನೆ ಕೂತಿರುತ್ತವೆ. ಹಣ್ಣು ಮೆತ್ತಗಾದಾಗ ಏಳುತ್ತವೆ. ಇಡುವ ದಿನ ಕಲೆ ಕಾಣದಿರುವುದು ಅದಕ್ಕೇ.

ಕಾಯಿಯ ಕೆಳಗೆ ಒಣ ಹುಲ್ಲೋ, ಮಲ್ಚಿಂಗ್ ಹಾಳೆಯೋ ಇರಲಿ, ಹಸಿ ಮಣ್ಣು ತಾಗಬಾರದು. ತೊಟ್ಟಿನ ಗಾಯ ಒಣಗಿರಬೇಕು. ಪೂರ್ತಿ ಕಳಚಿದ ಹಣ್ಣಿನ ಗಾಯ ಬಟ್ಟಲಿನ ಹಾಗೆ ನುಣ್ಣಗಿರುತ್ತದೆ, ಒಣಗಿರುತ್ತದೆ. ತಿರುಚಿ ಕಿತ್ತದ್ದರಲ್ಲಿ ನಾರು ಎದ್ದು ರಸ ಜಿನುಗುತ್ತದೆ, ಅದು ಶಿಲೀಂಧ್ರಕ್ಕೆ ತೆರೆದ ಬಾಗಿಲು. ಹನಿಡ್ಯೂ ಥರದ ತಳಿ ತಾನಾಗಿ ಕಳಚುವುದಿಲ್ಲ, ಕತ್ತರಿಯಿಂದ ಎರಡು ಬೆರಳು ಅಗಲ ತೊಟ್ಟು ಉಳಿಸಿ ಕತ್ತರಿಸಿ.

ಗಿಡದ ಸ್ವಂತ ರಕ್ಷಣೆಯನ್ನು ಮೊದಲೇ ಎಬ್ಬಿಸುವ ದಾರಿಯೂ ಇದೆ. ಅಸಿಬೆಂಜೋಲಾರ್ ಅನ್ನುವುದನ್ನು ಬಳ್ಳಿಗೆ ಎಲೆಯ ಮೇಲೆ ಹೊಡೆದಾಗ, ಕೊಯ್ದು ಇಟ್ಟ ಹಣ್ಣಿನಲ್ಲಿ ಕೊಳೆ ಕಡಿಮೆಯಾದದ್ದನ್ನು ಆಸ್ಟ್ರೇಲಿಯಾದ ರಾಕ್ ಮೆಲನ್ ಮತ್ತು ಚೀನಾದ ಹಾಮಿ ಕರಬೂಜದಲ್ಲಿ 2000ದಲ್ಲೇ ತೋರಿಸಿದ್ದಾರೆ. ಅದು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಿಲ್ಲ, ಗಿಡವನ್ನೇ ಎಚ್ಚರಿಸುತ್ತದೆ. ನನಗೆ ಈ ದಾರಿಯ ಮೇಲೆ ಬಹಳ ಭರವಸೆ. ಆದರೆ ನಿಮ್ಮ ಬೆಳೆಗೆ ಅನುಮತಿ ಇದ್ದರೆ ಮಾತ್ರ ಬಳಸಿ.

ಒಂದು ಎಚ್ಚರಿಕೆ. ಜಾಲರಿ ಸಿಪ್ಪೆಯನ್ನು ಕೊಳಕು ನೀರಲ್ಲಿ ತೊಳೆಯಬೇಡಿ. ಆ ಸಂದುಗಳಲ್ಲಿ ಕೂತ ಬ್ಯಾಕ್ಟೀರಿಯಾ ಉಜ್ಜಿದರೂ ಹೋಗುವುದಿಲ್ಲ. 2011ರಲ್ಲಿ ಅಮೆರಿಕದಲ್ಲಿ ಲಿಸ್ಟೀರಿಯಾ ಸೇರಿದ ಕರಬೂಜ ತಿಂದು 33 ಜನ ತೀರಿಕೊಂಡರು. ಆ ಹಣ್ಣು ನೋಡಲು ಚೆನ್ನಾಗೇ ಇತ್ತು.

ಪ್ರಶ್ನೆ: ಕೊಯ್ಯುವ ದಿನ ಗೊತ್ತಾಗುವುದು ಹೇಗೆ? ಜಾಸ್ತಿ ದಿನ ಇಡಬೇಕಾದರೆ ಸ್ವಲ್ಪ ಮುಂಚೆ ಕೊಯ್ಯಬೇಕಲ್ಲವೇ? ಮತ್ತೆ, ಕರಬೂಜ, ಹನಿಡ್ಯೂ, ಕಲ್ಲಂಗಡಿ ಮೂರನ್ನೂ ಒಂದೇ ಕೋಣೆಯಲ್ಲಿ ಇಡಬಹುದೇ?

ಉತ್ತರ: ಸ್ವಲ್ಪ ಮುಂಚೆ ಅನ್ನುವುದು ಎರಡು ದಿನ ಆದರೆ ಸರಿ, ಎಂಟು ದಿನ ಆದರೆ ಸರಿಯಲ್ಲ.

ಜಾಲರಿ ಕರಬೂಜದ ತೊಟ್ಟಿನ ಬುಡವನ್ನು ನೋಡಿ. ಹಣ್ಣಿಗೂ ತೊಟ್ಟಿಗೂ ನಡುವೆ ಕೂದಲೆಳೆಯಂಥ ಬಿರುಕು ಏಳುತ್ತದೆ. ದಿನ ಕಳೆದಂತೆ ಅದು ಸುತ್ತ ಹರಡುತ್ತದೆ. ಹೆಬ್ಬೆರಳನ್ನು ತೊಟ್ಟಿನ ಪಕ್ಕಕ್ಕೆ ಒತ್ತಿ ಮೆಲ್ಲಗೆ ತಳ್ಳಿ. ಏನೂ ಆಗದಿದ್ದರೆ ಇನ್ನೂ ಬಿಡಿ. ಸ್ವಲ್ಪ ಬಲ ಹಾಕಿದಾಗ ಮುಕ್ಕಾಲು ಭಾಗ ನುಣ್ಣಗೆ ಬಿಟ್ಟು ಉಳಿದದ್ದು ಹರಿದರೆ ಇಡಲು, ದೂರ ಕಳಿಸಲು ಅದೇ ಹದ. ಮುಟ್ಟುತ್ತಲೇ ಕಳಚಿದರೆ ಪೂರ್ತಿ ಹಣ್ಣಾಗಿದೆ, ಬೇಗ ತಿನ್ನಬೇಕು. ಇದರ ಜೊತೆ ಜಾಲರಿ ಉಬ್ಬಿ ನಿಂತಿರಬೇಕು, ಜಾಲರಿಯ ನಡುವಿನ ಹಸಿರು ಮಾಸಿರಬೇಕು.

ನಂಬಿಕೆ ಬರದಿದ್ದರೆ ಹೊಲದ ನಾಲ್ಕು ಕಡೆಯಿಂದ ನಾಲ್ಕು ಹಣ್ಣು ಕತ್ತರಿಸಿ ಬ್ರಿಕ್ಸ್ ನೋಡಿ. ರಸವನ್ನು ಹಣ್ಣಿನ ನಡುಭಾಗದಿಂದಲೇ ತೆಗೆಯಿರಿ. ಹೂವಿನ ತುದಿಯ ಕಡೆ ಸಿಹಿ ಜಾಸ್ತಿ, ತೊಟ್ಟಿನ ಕಡೆ ಕಡಿಮೆ. ಬೀಜದ ಹತ್ತಿರ ಜಾಸ್ತಿ, ಸಿಪ್ಪೆಯ ಹತ್ತಿರ ಕಡಿಮೆ. ಒಂದೊಂದು ಸಲ ಒಂದೊಂದು ಕಡೆಯ ರಸ ನೋಡಿದರೆ ನಿಮ್ಮ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಕೊಯ್ಯುವುದು ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ. ಬಿಸಿಲಲ್ಲಿ ಕಾದ ಹಣ್ಣು ಜೋರಾಗಿ ಉಸಿರಾಡುತ್ತದೆ, ಬಳ್ಳಿ ಕೊಟ್ಟ ಸಕ್ಕರೆಯನ್ನೇ ಉರಿಸುತ್ತದೆ. ಕೊಯ್ದ ಹಣ್ಣು ನೆರಳಿಗೆ ಬರಲಿ, ಅಲ್ಲಿಂದ ಬೇಗ ತಣ್ಣಗಾಗಲಿ.

ಮೂರನ್ನೂ ಒಂದೇ ಕೋಣೆಯಲ್ಲಿ ಮಾತ್ರ ಇಡಬೇಡಿ. ಜಾಲರಿ ಕರಬೂಜಕ್ಕೆ 2ರಿಂದ 5 ಡಿಗ್ರಿ ಸೆಲ್ಸಿಯಸ್ ಬೇಕು. ಚೆನ್ನಾಗಿ ಬೆಳೆದದ್ದಾದರೆ ಎರಡು ವಾರ, ಬಹಳ ಅಂದರೆ ಮೂರು ವಾರ ಇರುತ್ತದೆ. ಅದೇ ಚಳಿಯಲ್ಲಿ ಹನಿಡ್ಯೂ ಇಟ್ಟರೆ ಸಿಪ್ಪೆ ಕಂದು ಬಣ್ಣಕ್ಕೆ ತಿರುಗುತ್ತದೆ, ಹೊರಗೆ ತೆಗೆದ ಮೇಲೆ ಹಣ್ಣೇ ಆಗುವುದಿಲ್ಲ. ಅದಕ್ಕೆ 7ರಿಂದ 10 ಡಿಗ್ರಿ. ಕಲ್ಲಂಗಡಿಗೆ 10ರಿಂದ 15. ಕಲ್ಲಂಗಡಿಗೆ ಕರಬೂಜದ ಗಾಳಿಯೂ ಆಗದು. ಕರಬೂಜ ಬಿಡುವ ಎಥಿಲೀನ್ ತಾಗಿದರೆ ಕೆಲವೇ ದಿನದಲ್ಲಿ ಅದರ ತಿರುಳು ಗರಿಮುರಿ ಕಳೆದುಕೊಂಡು ಮುದ್ದೆಯಾಗುತ್ತದೆ. ಒಂದೇ ಕೋಣೆ ಇದ್ದರೆ ಅದನ್ನು ಕರಬೂಜಕ್ಕೆ ಬಿಟ್ಟುಕೊಡಿ, ಕಲ್ಲಂಗಡಿಯನ್ನು ಗಾಳಿಯಾಡುವ ನೆರಳಿನಲ್ಲಿ ಬೇರೆಯೇ ಇಡಿ.